ಹಿಂದಕ್ಕೂ ಹರಿಯುವ ನದಿಗೆ ಕಲ್ಲು ಹಾಸಿದ ಬೇಸಿಗೆ

ಹೋದ ತಿಂಗಳು ವಾಡಿ ಜಂಕ್ಷನ್ನಿನಲ್ಲಿ ಗಾಡಿ ಕಾಯುತ್ತ ಕುಳಿತಿದ್ದೆ. ಮುಂಬಯಿ ಕಡೆಯಿಂದ ಬಂದ ರೈಲಿನಿಂದ ಒಬ್ಬ ವ್ಯಾಪಾರಿ ಒಣಮೀನಿನ ಚೀಲ ಇಳಿಸಿದ. ಚೀಲ ಪ್ಲಾಟ್‌ಫಾರ್ಮಿಗೆ ಬಿದ್ದದ್ದೇ ತಡ, ಬೆಂಚಿನ ಮೇಲಿದ್ದವರೆಲ್ಲ ಮೂಗಿಗೆ ಟವೆಲ್ಲು ಹಿಡಿದು ಎದ್ದರು. ನಾನು ಏಳಲಿಲ್ಲ. ಆಚೆ ನಿಂತ ಹಿರಿಯರೊಬ್ಬರು ನನ್ನ ಹಣೆಯ ವಿಭೂತಿ ನೋಡಿ, "ಏನ್ರೀ, ನಿಮಗ ವಾಸನಿ ಹತ್ತಂಗಿಲ್ಲೇನು?" ಎಂದು ಕೇಳಿದರು.

"ಹತ್ತತದರಿ. ಅದಕ್ಕ ಕುಂತೀನಿ," ಎಂದೆ.

ಅವರು ನನ್ನನ್ನು ಹುಚ್ಚ ಎಂದುಕೊಂಡಿರಬೇಕು. ಆ ವಾಸನೆಗೆ ಒಂದು ಇಡೀ ಬೇಸಿಗೆ, ಅದರ ಬೆನ್ನಿಗೆ ಬಂದ ಮಳೆಗಾಲ, ಒಂದು ಗಿಡ್ಡ ನದಿ, ಒಬ್ಬ ಜೋರುಬಾಯಿಯ ಹೆಂಗಸು ಅಂಟಿಕೊಂಡಿದ್ದಾರೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ನಾನು ಶಹಾಬಾದಿನವನು, ಹೆಸರು ಶರಣಪ್ಪ. ಐದನೆಯ ಈಯತ್ತೆಯಲ್ಲಿ ಪಾಟಿ ಕೆಳಗಿಟ್ಟು ಕಲ್ಲಿನ ಖಣಿಗೆ ಇಳಿದವನು. ಅದಕ್ಕಾಗಿ ಯಾರನ್ನೂ ದೂರುವುದಿಲ್ಲ, ಯಾರ ಮುಂದೆಯೂ ತಲೆ ತಗ್ಗಿಸುವುದೂ ಇಲ್ಲ. ನೆಲದೊಳಗೆ ಪದರ ಪದರವಾಗಿ ಮಲಗಿರುವ ನಮ್ಮ ಬೂದು ಬಣ್ಣದ ಫರಸಿ ಕಲ್ಲನ್ನು ಎಬ್ಬಿಸುವುದು, ಕೊಯ್ಯುವುದು, ಹಾಸುವುದು ಮೂರೂ ನನ್ನ ಕೈಗೆ ಬರುತ್ತವೆ. ಕಾಳಗಿಯ ಅಡತಿ ಅಂಗಡಿಯಿಂದ ಹಿಡಿದು ಕೋಡ್ಲಾದ ಹೊಸ ಮನೆಗಳವರೆಗೆ ನಾನು ಹಾಸಿದ ನೆಲದ ಮೇಲೆ ಜನ ದಿನವೂ ಓಡಾಡುತ್ತಾರೆ. ನಮ್ಮ ಗುಂಪು ಹಾಸಿದ ಕಲ್ಲು ನೀರಿಗೆ ಎದ್ದದ್ದು ಒಮ್ಮೆ ಮಾತ್ರ.

ನಮಗೆಲ್ಲ ನದಿ ಎಂದರೆ ಕಾಗಿಣಾ. ತಾಂಡೂರಿನ ಕಡೆಯಿಂದ ಇಳಿದು ಬಂದು, ಚಿಂಚೋಳಿಯ ಮುಲ್ಲಾಮಾರಿಯನ್ನು ಕೂಡಿಸಿಕೊಂಡು, ಸೇಡಂ ಸೀಮೆ ದಾಟಿ, ಚಿತ್ತಾಪುರದ ಹೊಲಗಳನ್ನು ಬಳಸಿ, ಶಹಾಬಾದಿನ ಕೆಳಗೆ ಭೀಮೆಗೆ ಬೀಳುವ ಹೊಳೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಮಡುಗಟ್ಟಿ ನಿಂತಿರುತ್ತದೆ, ಮಳೆಗಾಲದಲ್ಲಿ ಕೆಂಪಾಗಿ ಸೇತುವೆ ಮುಟ್ಟುತ್ತದೆ. ಏನೇ ಮಾಡಿದರೂ ಅದು ಬರುವುದು ಮೇಲಿನಿಂದ, ಹೋಗುವುದು ಕೆಳಕ್ಕೆ. ನೀರಿಗೆ ಇನ್ನೊಂದು ದಾರಿ ಇರಬಹುದೆಂದು ನಾವು ಯಾರೂ ಯೋಚಿಸಿದವರಲ್ಲ.

ನಮ್ಮಲ್ಲಿ ಹಳ್ಳದ ದಾರಿಗೋ ಬಟ್ಟೆ ಒಗೆಯುವ ಘಾಟಿಗೋ ಫರಸಿ ಹಾಸುವಾಗ ಒಂದು ರೀತಿಯಿದೆ. ಮೊದಲ ಕಲ್ಲನ್ನು ನೀರು ಬರುವ ದಿಕ್ಕಿಗೆ ಇಡಬೇಕು. ಗುಂಪಿನ ಹೆಣ್ಣುಮಗಳೊಬ್ಬಳು ಆ ಕಡೆಯ ಅಂಚಿಗೆ ಅರಿಶಿನ ಹಚ್ಚಬೇಕು. ಅದಕ್ಕೆ ನೀರಿನ ಮುಖ ಎನ್ನುತ್ತೇವೆ. ಆಮೇಲೆ ಪ್ರತಿ ಕಲ್ಲಿನ ತುದಿ ಮುಂದಿನ ಕಲ್ಲಿನ ಮೇಲೆ ಎರಡು ಬೆರಳು ಹತ್ತಿ ಕೂರುವಂತೆ, ಮನೆಗೆ ಹೆಂಚು ಹೊದಿಸಿದ ಹಾಗೆ, ಹಾಸುತ್ತ ಹೋಗಬೇಕು. ಮೇಲಿನಿಂದ ಬಂದ ಪ್ರವಾಹ ಬೆನ್ನ ಮೇಲೆ ಜಾರಿ ಹೋಗುತ್ತದೆ, ಅಡಿಗೆ ಉಗುರು ಹಾಕಲು ಸಂದಿ ಸಿಗುವುದಿಲ್ಲ. ನನಗೆ ಇದನ್ನು ಕಲಿಸಿದವರು ಮೌಲಾಸಾಬ್. ಬಿಳಿ ಗಡ್ಡ, ಕೆಂಪು ಬಾಯಿ, ಉಳಿ ಹಿಡಿದರೆ ಮಾತು ಬಂದ್. ಉಳಿ ಕೆಳಗಿಟ್ಟರೆ ಮಾತೇ ಮಾತು.

ಆ ವರ್ಷ ಯುಗಾದಿ ಮುಗಿಸಿಕೊಂಡು ನಾನು, ನನ್ನ ಹೆಂಡತಿ ಮಾದೇವಿ, ಮೌಲಾಸಾಬ್ ಮತ್ತು ನಮ್ಮ ಕಡೆಯ ಏಳೆಂಟು ಮಂದಿ ಮುಂಬಯಿಗೆ ಹೋದೆವು. ಕೊರೊನಾ ಕಾಲದಲ್ಲಿ ನಿಂತುಹೋಗಿದ್ದ ಕೆಲಸಗಳು ಮತ್ತೆ ಶುರುವಾಗಿದ್ದವು. ಮೀಠಿ ಎಂಬ ನದಿಯ ಬಾಯಿಯ ಹತ್ತಿರ, ಅದು ಅಗಲಗೊಂಡು ಸಮುದ್ರದ ತೋಳಿನಂಥ ಖಾಡಿಯಾಗುವಲ್ಲಿ, ದಂಡೆಗೆ ಗೋಡೆ ಏಳುತ್ತಿತ್ತು. ಗೋಡೆಯ ತಲೆಗೆ, ಅದರ ಹಿಂದಿನ ಕಾಲುದಾರಿಗೆ ಕಲ್ಲು ಹಾಸುವುದು ನಮ್ಮ ಪಾಲು. ಲಾರಿಯಿಂದ ಇಳಿದ ಕಲ್ಲು ನೋಡಿದರೆ ನಮ್ಮದೇ ಶಹಾಬಾದಿ ಫರಸಿ! ಮೌಲಾಸಾಬ್ ಅದರ ಬೆನ್ನು ಚಪ್ಪರಿಸಿ, "ಯಾಕ ಬೇಟಾ, ನೀನೂ ಊರು ಬಿಟ್ಟು ಬಂದಿ?" ಎಂದು ವಿಚಾರಿಸಿಕೊಂಡರು.

ನಮ್ಮ ಕಡೆಯ ಬಿಸಿಲು ಮೈಯನ್ನು ಹಂಚಿನ ಮೇಲಿನ ರೊಟ್ಟಿಯಂತೆ ಸುಡುತ್ತದೆ, ನೆರಳಿಗೆ ಸರಿದರೆ ಬಿಡುತ್ತದೆ. ಅಲ್ಲಿನದು ಬೇರೆ. ನೆರಳಲ್ಲೂ ಬೆವರು, ಬೆಳಗಾಗೆದ್ದರೆ ಅಂಗಿ ಹಸಿ, ಉಳಿಯ ಬಾಯಿಗೆ ಒಂದು ರಾತ್ರಿಯಲ್ಲಿ ತುಕ್ಕು. ನದಿಯಂತೂ ಕಪ್ಪು. ಕೆಸರಿನ ದಂಡೆಯ ಮೇಲೆ ಪ್ಲಾಸ್ಟಿಕ್ಕು, ಥರ್ಮಾಕೋಲು, ಹರಿದ ಚಪ್ಪಲಿ. ಮೊದಲ ದಿನ ಮಾದೇವಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದಕ್ಕ ನದಿ ಅಂತಾರೇನ್ರಿ? ನಮ್ಮೂರ ಗಟಾರಕ್ಕೂ ಸಿಟ್ಟು ಬರ್ತದ," ಎಂದಳು. ಆದರೆ ಅದೇ ಕೆಸರಿನಲ್ಲಿ ಬಿಳಿ ಕೊಕ್ಕರೆಗಳು ನಡೆದಾಡುತ್ತಿದ್ದವು. ಉಪ್ಪುನೀರಿನ ಕಾಂಡ್ಲಾ ಗಿಡಗಳು ಬೇರನ್ನು ಮೇಲಕ್ಕೆ ಚುಚ್ಚಿಕೊಂಡು ಹಸುರಾಗಿ ನಿಂತಿದ್ದವು. ಬೆರಳುದ್ದದ ಮೀನುಗಳು ಕೆಸರಿನ ಮೇಲೆ ಕಪ್ಪೆಯಂತೆ ಕುಪ್ಪಳಿಸುತ್ತಿದ್ದವು. ನೀರು ಬಿಟ್ಟು ಬದುಕುವ ಮೀನನ್ನು ನಾವು ನೋಡಿದ್ದು ಅಲ್ಲೇ.

ಗೋಡೆಯಲ್ಲಿ ಒಂದು ಕಡೆ ಊರ ಅಗಸಿಯಷ್ಟು ಅಗಲದ ಬಾಯಿ ಬಿಟ್ಟಿದ್ದರು. ಅದರ ಹಿಂದೆ ಕೋಳಿ ಜನರ, ಅಂದರೆ ಅಲ್ಲಿನ ಬೆಸ್ತರ, ನಾಲ್ಕು ಓಣಿ. ಒಂದು ಕಾಲಕ್ಕೆ ಆ ದಂಡೆಯಲ್ಲಿ ದೋಣಿಗಳು ಮೈಗೆ ಮೈ ಹಚ್ಚಿ ನಿಲ್ಲುತ್ತಿದ್ದವಂತೆ. ಗೋಡೆ ಎದ್ದ ಮೇಲೆ ಇಳಿಸುವ ಜಾಗ ಹೋಯಿತೆಂದು ಒಬ್ಬೊಬ್ಬರೇ ದೋಣಿಯನ್ನು ಆಚೆ ದಂಡೆಗೆ ಒಯ್ದು ಕಟ್ಟಿದರು. ಉಳಿದದ್ದು ಒಂದೇ ದೋಣಿ, ಹೀರಾಬಾಯಿಯದು.

ಹೀರಾಬಾಯಿಗೆ ಅರವತ್ತರ ಆಸುಪಾಸು. ಕಚ್ಚೆ ಸೀರೆ, ಮೂಗಿನಲ್ಲಿ ನತ್ತು, ಆಚೆ ದಂಡೆಗೂ ಕೇಳುವ ಗಂಟಲು. ಗಂಡ ಇಲ್ಲ, ಬೆಳೆದ ಮಗ ಸಂತೋಷನ ಜೊತೆ ತಾನೇ ಸಮುದ್ರಕ್ಕೆ ಹೋಗುವವಳು. ಅವಳ ಮಾತು ಮರಾಠಿ. ನನ್ನ ಕಿವಿ ಅದನ್ನು ನಮ್ಮ ಮಾತಿನಲ್ಲೇ ಹಿಡಿದಿಟ್ಟುಕೊಂಡಿದೆ, ಹಾಗೆಯೇ ಬರೆಯುತ್ತೇನೆ. ಗೋಡೆಯ ಬಾಯಿಯಲ್ಲಿ ದೋಣಿ ಇಳಿಸಲು ಒಂದು ಇಳಿಜಾರು ಘಾಟು ಬೇಕೆಂದು ಅವಳು ಮೂರು ಮಳೆಗಾಲದಿಂದ ಕಾಡಿ ಬೇಡಿ ಒಪ್ಪಿಸಿದ್ದಳು. ಆದರೆ ಒಂದು ಷರತ್ತು. ಮಳೆ ಬೀಳುವುದರೊಳಗೆ ಘಾಟು ಗಟ್ಟಿಯಾಗಿ ನಿಂತಿರಬೇಕು. ಇಲ್ಲದಿದ್ದರೆ ಆ ಸಂದಿಯ ಮಣ್ಣು ಕೊರೆದು ನೀರು ಓಣಿಗೆ ನುಗ್ಗುತ್ತದೆ, ಬಾಯಿ ಮುಚ್ಚಲೇಬೇಕು. ಮುಚ್ಚಿದರೆ ಅವಳ ದೋಣಿಗೆ ನೀರಿನ ದಾರಿ ಮುಗಿದಂತೆ. "ಆಮ್ಯಾಗ ಅದರಾಗ ಮಣ್ಣು ತುಂಬಿ ತುಳಸಿ ಹಚ್ಚಬೇಕು ನೋಡು," ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು, ಆದರೆ ನಕ್ಕಮೇಲೆ ದೋಣಿಯ ಮೂತಿಯನ್ನು ಒಮ್ಮೆ ಸವರುತ್ತಿದ್ದಳು.

ಆ ಘಾಟು ನಮ್ಮ ಕೈಗೆ ಬಂತು. ಸೂಪರ್‌ವೈಜರ್ ಕದಮ್ ಸಾಹೇಬರು ಒಳ್ಳೆಯ ಮನುಷ್ಯರು. "ಇಲ್ಲಿ ನೀರು ಏರಿಳಿಯುತ್ತದೆ, ನೋಡಿಕೊಂಡು ಹಾಸಿರಿ," ಎಂದು ಮೊದಲೇ ಹೇಳಿದ್ದರು. ನೀರು ಏರುವುದು, ಇಳಿಯುವುದು ನಮಗೇನು ಹೊಸದೇ ಎಂದು ತಲೆಯಾಡಿಸಿದೆವು.

ವೈಶಾಖ ಕೃಷ್ಣಪಕ್ಷದ ಅಷ್ಟಮಿಯ ಸುಮಾರಿಗೆ ಕೆಲಸ ಹಿಡಿದೆವು. ಬೆಳಿಗ್ಗೆ ಬಂದಾಗ ದಂಡೆಯ ಕೆಸರು ಹಸಿಯಾಗಿರುತ್ತಿತ್ತು, ಮಧ್ಯಾಹ್ನದವರೆಗೆ ನೀರು ಮೆಲ್ಲಗೆ ಹಿಂದೆ ಸರಿಯುತ್ತಿತ್ತು. ಬೇಸಿಗೆ ಅಲ್ಲವೇ, ಹೊಳೆ ಬತ್ತುತ್ತಿದೆ ಎಂದುಕೊಂಡೆವು! ಮೊದಲ ಕಲ್ಲಿಗೆ ಅರಿಶಿನ ಹಚ್ಚುವಾಗ ಮಾದೇವಿ ಕೇಳಿದಳು, "ನೀರಿನ ಮುಖ ಯಾವ ಕಡಿಗಿರಿ?"

ದೂರದಲ್ಲಿ ಗುಡ್ಡಗಳು ಕಾಣುತ್ತಿದ್ದವು. "ಗುಡ್ಡದ ಕಡಿಗಿ. ಮತ್ತೆಲ್ಲಿಂದ ಬರ್ತದ?" ಎಂದೆ. ಅವಳು ಗುಡ್ಡದ ಕಡೆಯ ಅಂಚಿಗೆ ಅರಿಶಿನ ಹಚ್ಚಿದಳು. ಹೆಂಚಿನಂತೆ ಒಂದರ ಮೇಲೊಂದು ಹತ್ತಿಸಿ, ಗುಡ್ಡದ ಕಡೆ ಮುಖ ಮಾಡಿ, ಇಡೀ ಇಳಿಜಾರು ಹಾಸಿಬಿಟ್ಟೆವು. ಮುಗಿದ ದಿನ ಎಷ್ಟು ಚೆಂದ ಕಾಣುತ್ತಿತ್ತು ಎಂದರೆ, ಮೌಲಾಸಾಬ್ ಎಲೆ ಅಡಿಕೆಯನ್ನೂ ಆಚೆ ಹೋಗಿ ಉಗುಳಿ ಬಂದರು.

ಅಮಾವಾಸ್ಯೆ ಬಂತು. ಬುತ್ತಿ ಬಿಚ್ಚಿಕೊಂಡು ಗೋಡೆಯ ನೆರಳಲ್ಲಿ ಕುಳಿತಿದ್ದೆವು. ಮಾದೇವಿ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಏನ್ರಿ, ಹೊಳಿ ಉಲ್ಟಾ ಬರ್ಲಿಕತ್ತದ."

ನೋಡಿದೆ. ಸಮುದ್ರದ ಕಡೆಯಿಂದ ನೀರು ಗುಡ್ಡದ ಕಡೆಗೆ ಹರಿಯುತ್ತಿತ್ತು. ಬರೀ ಏರುತ್ತಿರಲಿಲ್ಲ, ಹರಿಯುತ್ತಿತ್ತು. ಬೆಳಿಗ್ಗೆ ಕೆಳಗೆ ಹೋಗಿದ್ದ ಪ್ಲಾಸ್ಟಿಕ್ ಕೊಡವೊಂದು ನಮ್ಮ ಕಣ್ಣ ಮುಂದೆ ತಿರುಗಿ ಮೇಲಕ್ಕೆ ಹೋಯಿತು. ದಿನ ದಿನವೂ ಸ್ವಲ್ಪ ಸ್ವಲ್ಪ ಏರಿದ್ದನ್ನು ಕಂಡಿದ್ದೆವು. ಅದಕ್ಕೂ ಮೊದಲು ಗೋಡೆಯ ಹಿಂದೆ ಕಾಲುದಾರಿಯ ಮೇಲೆ ಬಗ್ಗಿ ಕೂತವರಿಗೆ ನೀರು ಕಂಡದ್ದಾದರೂ ಎಲ್ಲಿ? ಈ ಪರಿ ಕಂಡಿರಲಿಲ್ಲ. ನಾವು ಹತ್ತಿಸಿಟ್ಟ ಒಂದೊಂದು ತುದಿಯೂ ಈಗ ನೀರಿನ ಎದುರಿಗೆ ಬಾಯಿ ತೆರೆದು ನಿಂತಂತಾಗಿತ್ತು. ನೀರು ಅದರೊಳಗೆ ಬೆರಳು ಹಾಕಿತು. ಸಂಜೆಯ ಹೊತ್ತಿಗೆ ಇಳಿಯುವಾಗ ಅಷ್ಟೇ ಜೋರಿನಿಂದ ಎಳೆಯಿತು. ಕೆಳಗಿನ ಅರ್ಧ ಘಾಟು ಎದ್ದು, ಕಲ್ಲುಗಳು ಕೆಸರಿನಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು, ಕೆಲವು ಒಡೆದಿದ್ದವು.

ಹೀರಾಬಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ನಿಂತಳು. "ದಿನಾ ನೋಡ್ಲಿಕತ್ತಿದ್ದೆ. ಕಲ್ಲಿನ ಮಂದಿ, ಏನೋ ವಿದ್ಯಾ ಇರಬೇಕು ಅಂತ ಬಾಯಿ ಮುಚಗೊಂಡಿದ್ದೆ. ಭರತಿ ಬರತದಂತ ನಿಮಗ ಗೊತ್ತಿಲ್ಲೇನು?"

"ಭರತಿ ಅಂದ್ರ?" ಎಂದೆ.

ಅವಳು ಹಣೆ ಬಡಿದುಕೊಂಡಳು. "ಅಯ್ಯೋ ನನ ಕರ್ಮ! ಸಮುದ್ರ ದಿನಾ ಎರಡು ಸಲ ಊರಾಗ ಬರ್ತದಪ್ಪಾ. ಎರಡು ಸಲ ತಿರುಗಿ ಹೋಗ್ತದ. ಅಮಾಸಿ ಹುಣ್ಣಿವಿಗೆ ಜಬರದಸ್ತ್ ಬರ್ತದ. ಅಷ್ಟಮಿಗೆ ಕಳ್ಳನಂಗ ಬಂದು ಹೋಗ್ತದ. ನೀವು ಕಳ್ಳ ಬರೋ ದಿನ ನೋಡಿ ಮನಿ ಕಟ್ಟೀರಿ!"

ಮೌಲಾಸಾಬ್ ಗಡ್ಡ ಕೆರೆದುಕೊಂಡರು. "ನಲವತ್ತು ವರ್ಷ ಆತು ಬಾಯಿ, ನೀರು ಮುಂದಿನ ಬಾಗಿಲಿಂದನೇ ಬರೋದು ನೋಡೀನಿ. ಹಿತ್ತಲ ಬಾಗಿಲಿಂದ ಬಂದಿದ್ದು ಇದೇ ಮೊದಲು."

ಮರುದಿನ ಕದಮ್ ಸಾಹೇಬರು ಬಂದು ನೋಡಿದರು. ಬಯ್ಯಲಿಲ್ಲ. ಮಳೆ ಹತ್ತಿರ ಬಂತು, ಅಪಾಯ ಬೇಡ, ಬಾಯಿ ಮುಚ್ಚೋಣ ಎಂದರು. ಹೀರಾಬಾಯಿ ಯಾರನ್ನೂ ನೋಡದೆ ತನ್ನ ದೋಣಿಯ ಅಂಚಿನ ಮೇಲೆ ಹೋಗಿ ಕುಳಿತಳು.

ನಾನು ಕದಮ್ ಸಾಹೇಬರ ಎದುರಿಗೆ ಹೋಗಿ ನಿಂತೆ. "ಸಾಹೇಬ್ರ, ನಮ್ಮ ಊರ ಕಲ್ಲು ಎದ್ದ ಜಾಗದಾಗ ನಮ್ಮ ಊರ ಕಲ್ಲೇ ಕುಂದ್ರಬೇಕು. ಒಂದು ಸಲ ಬಿಡ್ರಿ. ದಗದ ನಮ್ಮದು, ಅದಕ್ಕ ಪಗಾರ ಕೊಡಬ್ಯಾಡ್ರಿ."

ಅವರು ನನ್ನ ಕಡೆಗೂ ದೋಣಿಯ ಕಡೆಗೂ ನೋಡಿದರು. ಬರುವ ಹುಣ್ಣಿಮೆಯ ನೀರಿಗೆ ಘಾಟು ನಿಂತರೆ ಬಾಯಿ ಉಳಿಯುತ್ತದೆ, ನಿಲ್ಲದಿದ್ದರೆ ಮಾರನೆಯ ದಿನವೇ ಗೋಡೆ ಎಂದರು. ಬರುವ ಹುಣ್ಣಿಮೆ ಎಂದರೆ ನಮ್ಮ ಕಾರ ಹುಣ್ಣಿಮೆ.

ಹೀರಾಬಾಯಿ ನನ್ನ ಹತ್ತಿರ ಬಂದಳು. "ಕಲ್ಲಿಗೆ ಕೈ ಹಚ್ಚಬ್ಯಾಡ್ರಿ ಈಗ. ಮೊದಲ ನದಿ ನೋಡ್ಕೊಂಡು ಬರ್ರಿ. ಭಾಳ ಏನಿಲ್ಲ, ಒಂದು ದಿನದ ನದಿ ಅದು."

ಒಂದು ದಿನದ ನದಿ! ಕಾಗಿಣಾದ ಉದ್ದಕ್ಕೂ ನಡೆದವರನ್ನು ನಾನು ಕಂಡಿಲ್ಲ. ಇದನ್ನು ನಾವು ನಡೆದೆವು. ನಾನು, ಮಾದೇವಿ, ಮೌಲಾಸಾಬ್ ನಸುಕಿನಲ್ಲೇ ಬಸ್ಸು ಹಿಡಿದು ಪವಯಿ ಕೆರೆಯ ಬಳಿ ಇಳಿದೆವು. ಗುಡ್ಡದ ಮಡಿಲಲ್ಲಿ ಕೆರೆಗಳು. ಮಳೆಗಾಲದಲ್ಲಿ ಅವು ತುಂಬಿ ಚೆಲ್ಲಿದ ನೀರೇ ಈ ನದಿಯ ಹುಟ್ಟು. ನಾವು ನೋಡಿದಾಗ ಬರೀ ಕಲ್ಲಿನ ಹಳ್ಳ. ಕಪ್ಪು ಬಂಡೆಗಳ ನಡುವೆ ಒಂದು ಎಮ್ಮೆ ಮಲಗಿತ್ತು. ಕೆಳಗೆ ಬಂದಂತೆ ಓಣಿಗಳ ಗಟಾರದ ನೀರು ಎಡಕ್ಕೊಂದು ಬಲಕ್ಕೊಂದು ಕೂಡಿಕೊಂಡು ನದಿ ಮೈ ತುಂಬಿಕೊಂಡಿತು. ಮನೆಗಳ ಹಿತ್ತಲುಗಳು ಅದರೊಳಗೇ ಕಾಲು ಇಳಿಬಿಟ್ಟಿದ್ದವು. ವಿಮಾನ ನಿಲ್ದಾಣ ಅಡ್ಡ ಬಂತು. ನದಿ ತಲೆ ತಗ್ಗಿಸಿ ರನ್‌ವೇಯ ಅಡಿಗೆ ನುಸುಳಿತು, ನಾವು ಬಸ್ಸಿನಲ್ಲಿ ಬಳಸಿ ಹೋಗಿ ಆಚೆ ಅದನ್ನು ಮತ್ತೆ ಹಿಡಿದೆವು. ತಲೆಯ ಮೇಲೆ ವಿಮಾನ ಗುಡುಗಿದಾಗ ಮೌಲಾಸಾಬ್, "ಪಾಪ, ಈ ನದಿ ಜಲ್ಮದಾಗ ಒಂದು ದಿನ ಸುಮ್ಮ ಮಲಗಿಲ್ಲ," ಎಂದರು.

ಕುರ್ಲಾದ ಗ್ಯಾರೇಜುಗಳ ಹಿಂದೆ, ಒಂದು ಸೇತುವೆಯ ಕೆಳಗೆ ನೆರಳಿತ್ತೆಂದು ಕುಳಿತೆವು. ಮಧ್ಯಾಹ್ನ ವಾಲಿತ್ತು. ಮೇಲಿನಿಂದ ಒಂದು ತೆಂಗಿನ ಕರಟ ತೇಲಿ ಬಂತು. ನಮ್ಮೆದುರಿಗೆ ಬಂದು ನಿಂತುಬಿಟ್ಟಿತು. ಕೆಳಗೂ ಹೋಗದು, ಮೇಲಕ್ಕೂ ಬಾರದು. ನಿಂತಲ್ಲೇ ಮೆಲ್ಲಗೆ ಸುತ್ತುತ್ತಿತ್ತು. ಊರಿನ ನೀರು ಬಂದು ಸಮುದ್ರದ ನೀರಿಗೆ ಹಣೆ ಹಚ್ಚುವ ಜಾಗ ಅದು. ಯಾರೂ ಸೋಲುವುದಿಲ್ಲ, ಯಾರೂ ಗೆಲ್ಲುವುದಿಲ್ಲ. ಬಹಳ ಹೊತ್ತಿನ ಮೇಲೆ ಕರಟ ಏನೋ ನೆನಪಾದಂತೆ ಅಲುಗಿ, ಸಮುದ್ರದ ಕಡೆ ಹೊರಟಿತು.

ಆಮೇಲೆ ಮಾದೇವಿ ಹೇಳಿದಳು, "ಇದಕ್ಕ ಬೆನ್ನೇ ಇಲ್ಲರಿ. ಎರಡೂ ಕಡಿ ಮುಖ. ಹೆಂಚಿನಂಗ ಮಲಗಿಸಿದ್ರ ಒಂದಿಲ್ಲ ಒಂದು ಕಡಿಯಿಂದ ಎತ್ತೇ ಎತ್ತತದ."

"ಮತ್ತ ಹ್ಯಾಂಗ ಹಾಕೋದು?" ಎಂದೆ.

"ಖಣಿಯಾಗ ಹ್ಯಾಂಗ ಇಡ್ತೀರಿ ಫರಸಿ? ಮಲಗಿಸಿ ಇಡ್ತೀರೋ, ನಿಲ್ಲಿಸಿ ಇಡ್ತೀರೋ?"

ಮೌಲಾಸಾಬ್ ತೊಡೆ ತಟ್ಟಿದರು. ಖಣಿಯಲ್ಲಿ ಎಬ್ಬಿಸಿದ ಕಲ್ಲನ್ನು ನಾವು ಯಾವತ್ತೂ ನಿಲ್ಲಿಸಿಯೇ ಒಟ್ಟುತ್ತೇವೆ, ಒಂದರ ಬೆನ್ನಿಗೊಂದು. ಮಲಗಿಸಿದರೆ ಭಾರಕ್ಕೆ ಬಿರಿಯುತ್ತದೆ. ನಿಂತ ಸಾಲಿನ ನಡುವಿನ ಒಂದನ್ನು ಎಳೆಯಲು ಹೋದರೆ, ನಾಲ್ಕು ಮಂದಿ ಕೂಡಿದರೂ ಆಗುವುದಿಲ್ಲ. ದಿನಾ ಕಣ್ಣೆದುರಿಗೆ ಇದ್ದದ್ದು! ಹಾಸುವುದು ಎಂದರೆ ಮಲಗಿಸುವುದೇ ಎಂದು ಕೈಗೆ ರೂಢಿಯಾಗಿಬಿಟ್ಟಿತ್ತು.

"ಉಸ್ತಾದ್ ಯಾರು ಇಲ್ಲಿ, ನಾನೋ ನಿನ್ನ ಹೆಂಡ್ತಿಯೋ?" ಎಂದು ಮೌಲಾಸಾಬ್ ನನ್ನನ್ನು ಕೇಳಿದರು.

"ರೊಟ್ಟಿ ಬಡಿಯೋರು ಯಾರೋ ಅವರೇ," ಎಂದಳು ಮಾದೇವಿ.

ಅಲ್ಲಿಂದ ಕೆಳಗೆ ನದಿಯ ದಂಡೆಯಲ್ಲಿ ಗಾಜಿನ ಕಟ್ಟಡಗಳು, ಅವುಗಳ ಎದುರಿಗೆ ಕಾಂಡ್ಲಾದ ಕಾಡು, ಆಮೇಲೆ ರೈಲಿನ ಸೇತುವೆ, ಅದರಾಚೆ ಬಿಳಿಯಾಗಿ ಹೊಳೆಯುವ ಸಮುದ್ರ. ಸೂರ್ಯ ಮುಳುಗುವ ಮೊದಲೇ ನದಿ ಮುಗಿದಿತ್ತು. ಬೆಳಿಗ್ಗೆ ಅದರ ಹುಟ್ಟಿದ ಮನೆ ನೋಡಿದ್ದೆವು, ಸಂಜೆ ಕೊಟ್ಟ ಮನೆ ನೋಡಿದೆವು. ಅಷ್ಟು ಗಿಡ್ಡ ನದಿ, ಅಷ್ಟು ಮಂದಿಯ ಕೊಳೆ ಹೊತ್ತುಕೊಂಡು, ಇನ್ನೂ ದಿನಕ್ಕೆರಡು ಸಲ ಸಮುದ್ರವನ್ನು ಊರೊಳಗೆ ಕರೆದುಕೊಂಡು ಬರುತ್ತದಲ್ಲ! ಆವತ್ತಿನಿಂದ ನಾನು ಅದನ್ನು ಗಟಾರ ಎಂದಿಲ್ಲ, ಬೇರೆಯವರು ಅಂದರೂ ಕೇಳಿಸಿಕೊಂಡು ಸುಮ್ಮನಿದ್ದಿಲ್ಲ.

ಮರುದಿನದಿಂದ ನಮ್ಮ ದಿನಚರಿ ನೀರಿನ ಕೈಗೆ ಹೋಯಿತು. ನೀರು ಹಿಂದೆ ಸರಿದಾಗ ಕೆಲಸ, ಬಂದಾಗ ಊಟ, ನಿದ್ದೆ. ಹೀರಾಬಾಯಿ ಬೆರಳಿನ ಗೆಣ್ಣುಗಳ ಮೇಲೆ ತಿಥಿ ಎಣಿಸಿ, "ನಾಳೆ ಚೌತಿ, ನೀರು ಇಂಥ ಹೊತ್ತಿಗಿ ಬಿಡತದ," ಎಂದು ಹೇಳುತ್ತಿದ್ದಳು. ಅವಳು ಹೇಳಿದ ಹೊತ್ತಿಗೆ ನೀರು ಬಿಡುತ್ತಿತ್ತು. ಕೆಳಗೆ ಕೆಸರು ತೆಗೆದು ಒಡೆದ ಕಲ್ಲಿನ ಚೂರು ತುಂಬಿ ಗುದ್ದಿದೆವು. ಅದರ ಮೇಲೆ ದಪ್ಪ ಫರಸಿಗಳನ್ನು ಪುಸ್ತಕದ ಹಾಳೆಗಳಂತೆ ನಿಲ್ಲಿಸಿ, ಬೆನ್ನಿಗೆ ಬೆನ್ನು ಹಚ್ಚಿ, ನಡುವೆ ಕಲ್ಲಿನ ಚಿಪ್ಪು ಬಡಿದು ಬಿಗಿ ಮಾಡಿದೆವು. ಹೊರಗೆ ಕಾಣುವುದು ಎರಡು ಮೂರು ಬೆರಳು ದಪ್ಪದ ಅಂಚುಗಳು ಮಾತ್ರ, ಉಳಿದದ್ದೆಲ್ಲ ನೆಲದೊಳಗೆ.

ಈ ಸಲದ ಮೊದಲ ಕಲ್ಲಿಗೆ ಮಾದೇವಿ ಅರಿಶಿನ ಹಿಡಿದುಕೊಂಡು ಬಂದಳು. ಅವಳೇ ಎರಡೂ ಅಂಚಿಗೆ ಹಚ್ಚಿದಳು. ಸಮುದ್ರದ ಕಡೆಯದಕ್ಕೆ ಹೀರಾಬಾಯಿ ಗಂಡ ಹೋದ ಮೇಲೂ ಬಿಡದೆ ಇಟ್ಟುಕೊಳ್ಳುತ್ತಿದ್ದ ತನ್ನ ಹಣೆಯ ಕುಂಕುಮವನ್ನೇ ಬೆರಳಲ್ಲಿ ತೆಗೆದು ಒಂದು ಬೊಟ್ಟಿಟ್ಟಳು. ಇಬ್ಬರ ನಡುವೆ ಮಾತು ಕಡಿಮೆ, ಭಾಷೆ ಬಾರದು. ಆದರೂ ಅಂದಿನಿಂದ ಇಬ್ಬರೂ ಒಟ್ಟಿಗೆ ಕುಳಿತು ಉಣ್ಣತೊಡಗಿದರು. ಒಬ್ಬಳ ತಟ್ಟೆಯಲ್ಲಿ ಒಣಗಿಸಿದ ಬೊಂಬಿಲ್ ಮೀನು, ಇನ್ನೊಬ್ಬಳ ತಟ್ಟೆಯಲ್ಲಿ ಪುಂಡಿಪಲ್ಯ. "ಸಮುದ್ರದ ತನಕ ಬಂದು ಸೊಪ್ಪು ತಿಂತಾರ ನೋಡು ಇವರು, ಆಡಿನ ಜಾತಿ," ಎಂದು ಹೀರಾಬಾಯಿ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಆಮೇಲೆ ಪುಂಡಿಪಲ್ಯವನ್ನು ತಾನೇ ಬೇಡಿ ಹಾಕಿಸಿಕೊಳ್ಳುತ್ತಿದ್ದಳು.

ಕಾರ ಹುಣ್ಣಿಮೆಯ ದಿನ ನಮ್ಮೂರಲ್ಲಿ ಎತ್ತುಗಳಿಗೆ ಬಣ್ಣ ಬಳಿದು ಮೆರೆಸುತ್ತಿರುತ್ತಾರೆ. ನಾವು ಗೋಡೆಯ ಮೇಲೆ ಸಾಲಾಗಿ ಕುಳಿತು ನೀರು ಕಾಯುತ್ತಿದ್ದೆವು. ಮೋಡ ಕಟ್ಟಿತ್ತು, ಗಾಳಿ ಸಮುದ್ರದಿಂದ ಬೀಸುತ್ತಿತ್ತು. ನಡು ಹಗಲಿಗೆ ಬಂತು ನೋಡಿ, ಅಮಾವಾಸ್ಯೆಯ ನೀರು ಇದರ ಮುಂದೆ ಏನೂ ಅಲ್ಲ. ಘಾಟಿನ ಸಾಲುಗಳು ಒಂದೊಂದಾಗಿ ಮುಳುಗಿದವು. ತಲೆಯ ಸಾಲೂ ಮುಳುಗಿತು. ಕಪ್ಪು ನೀರಿನ ಅಡಿಯಲ್ಲಿ ಏನು ನಡೆಯುತ್ತಿದೆಯೋ ಯಾರಿಗೂ ಕಾಣದು. ಕದಮ್ ಸಾಹೇಬರೂ ಬಂದು ಛತ್ರಿ ಊರಿ ನಿಂತಿದ್ದರು. ಗೋಡೆ ಕಟ್ಟುವವರು ತಮ್ಮ ಇಟ್ಟಿಗೆ ರಾಶಿಯ ಮೇಲೆ ಕುಳಿತಿದ್ದರು. ಹೀರಾಬಾಯಿ ಮಾತ್ರ ಆ ಕಡೆ ನೋಡದೆ ಬಲೆ ಹೊಲಿಯುತ್ತಿದ್ದಳು. ಅವಳ ಸೂಜಿ ಒಂದೇ ಕಣ್ಣಿಗೆ ಮತ್ತೆ ಮತ್ತೆ ಹೋಗುತ್ತಿತ್ತು.

"ಒಳಗ ಕಟಕಟ ಸಪ್ಪಳ ಬಂದಂಗಾತು," ಎಂದೆ.

"ಅದು ನಿನ್ನ ಹಲ್ಲು," ಎಂದರು ಮೌಲಾಸಾಬ್.

ನೀರು ತಿರುಗಿತು. ಇಳಿಯುವಾಗಲೇ ಹೆಚ್ಚು ಭಯ, ಹಿಂದಿನ ಸಲ ಎಳೆದದ್ದು ಆಗಲೇ. ಸಂಜೆಯ ಹೊತ್ತಿಗೆ ತಲೆಯ ಸಾಲು ಕಂಡಿತು. ಆಮೇಲೆ ಅದರ ಕೆಳಗಿನದು, ಅದರ ಕೆಳಗಿನದು. ಬಾಚಣಿಗೆಯ ಹಲ್ಲಿನಂತೆ ಅಂಚುಗಳು ತೊಳೆದುಕೊಂಡು ಮೇಲೆ ಬಂದವು. ಕಟ್ಟಕಡೆಯ ಮೂಲೆಯಲ್ಲಿ ಎರಡು ಕಲ್ಲು ವಾಲಿದ್ದವು, ಅದು ನಿಜ. ಉಳಿದದ್ದು ಕದಲಿರಲಿಲ್ಲ. ಕದಮ್ ಸಾಹೇಬರು ಬೂಟು ಕಳಚಿ, ಪ್ಯಾಂಟು ಮಡಚಿ, ನೀರಿನ ಅಂಚಿನವರೆಗೆ ಇಳಿದು ಹೋಗಿ, ಹಿಮ್ಮಡಿಯಿಂದ ಗುದ್ದಿ ಗುದ್ದಿ ನೋಡಿದರು. ಮೇಲೆ ಬಂದು ಗೋಡೆಯವರಿಗೆ ಒಂದೇ ಮಾತು ಹೇಳಿದರು: "ಇಟ್ಟಿಗೆ ಆಚೆ ಒಯ್ಯಿರಿ." ಘಾಟಿನ ತಲೆಗೆ ನೀರು ತಡೆಯುವ ಹಲಗೆಯ ಬಾಗಿಲು ಕೂರಿಸೋಣ ಎಂದು ತಾವೇ ಅಳತೆ ತೆಗೆದುಕೊಂಡರು.

ಹೀರಾಬಾಯಿ ಬಲೆ ಕೆಳಗಿಟ್ಟು ಎದ್ದು ಬಂದು ನನ್ನ ಬೆನ್ನಿಗೆ ಒಂದು ಗುದ್ದಿದಳು. ಅದರ ನೋವು ಎರಡು ದಿನ ಇತ್ತು.

ಮಳೆ ಹಿಡಿಯಿತು. ಬಿತ್ತನೆಗೆಂದು ಗುಂಪಿನ ಕೆಲವರು ಊರಿಗೆ ಹೋದರು. ಹೊಲವಿಲ್ಲದ ನಾವು ಮನೆಗಳ ಒಳಗಿನ ನೆಲಹಾಸಿನ ಕೆಲಸ ಹಿಡಿದು ಉಳಿದೆವು. ಆ ಮಳೆಯಲ್ಲಿ ನದಿಯನ್ನು ನೋಡಬೇಕಿತ್ತು. ಮೇಲೆ ಕೆರೆಗಳು ಚೆಲ್ಲಿ, ಕೆಂಪಗೆ ಗುಡುಗುತ್ತ ಬಂದು, ಕೆಳಗಿನಿಂದ ಏರುವ ಸಮುದ್ರಕ್ಕೆ ಡಿಕ್ಕಿ ಹೊಡೆಯುತ್ತಿತ್ತು. ಹಲಗೆಯ ಬಾಗಿಲು ತಡೆಯಿತು, ಓಣಿಯೊಳಗೆ ನೀರು ಬರಲಿಲ್ಲ. ಮಳೆ ನಿಂತಾಗಲೆಲ್ಲ ನಾನು ಹೋಗಿ ಸಾಲುಗಳ ಮೇಲೆ ನಡೆದು ಬರುತ್ತಿದ್ದೆ. ವಾಲಿದ್ದ ಮೂಲೆಯನ್ನು ಬಿಗಿ ಮಾಡಿದ್ದೆವು. ಅಂಚುಗಳ ನಡುವೆ ಕೆಸರು ಕೂತು ಗಾರೆಯಂತಾಗಿತ್ತು, ಸಣ್ಣ ಸಣ್ಣ ಚಿಪ್ಪುಹುಳುಗಳು ಮನೆ ಮಾಡಿದ್ದವು. ನನ್ನ ಕಲ್ಲಿನ ಮೇಲೆ ಯಾರಾದರೂ ಬಾಡಿಗೆ ಇಲ್ಲದೆ ಕೂತದ್ದಕ್ಕೆ ಅಷ್ಟು ಸಂತೋಷ ಎಂದೂ ಆಗಿಲ್ಲ.

ಶ್ರಾವಣದ ಹುಣ್ಣಿಮೆಗೆ ಅವರು ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು ಮೀನುಗಾರಿಕೆ ಶುರು ಮಾಡುತ್ತಾರೆ. ಹುಣ್ಣಿಮೆ ಕಳೆದು ನಾಲ್ಕೈದು ದಿನಕ್ಕೆ, ನೀರು ಇಳಿಯುವ ಒಂದು ನಸುಕಿನಲ್ಲಿ, ಹೀರಾಬಾಯಿ ನಮ್ಮ ಗುಡಿಸಲ ಬಾಗಿಲು ಬಡಿದಳು. "ಏಳ್ರಿ ಆಡಿನ ಮಂದಿ! ದೋಣಿ ಇಳಸ್ಲಿಕ್ಕ ಕೈ ಬೇಕು."

ನಾವೆಲ್ಲ ಕೂಡಿ ದೋಣಿಯ ಸೊಂಟಕ್ಕೆ ಹೆಗಲು ಕೊಟ್ಟೆವು. ನಿಂತ ಕಲ್ಲುಗಳ ಅಂಚಿನ ಮೇಲೆ ಅದು ಒಂದು ಸಲವೂ ಜಾರದೆ, ತುಯ್ದಾಡದೆ, ತವರಿಗೆ ಹೊರಟವಳಂತೆ 'ಸರ್' ಎಂದು ನೀರಿಗೆ ಇಳಿಯಿತು. ಹೀರಾಬಾಯಿ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಈಜು ಬರುತ್ತದೆಂದು ಹೇಳಿದ್ದಕ್ಕೆ, "ಸಮುದ್ರ ಅದನ್ನೆಲ್ಲ ಕೇಳಂಗಿಲ್ಲ, ಗಟ್ಟಿ ಕುಂದ್ರು," ಎಂದಳು.

ಇಷ್ಟು ವರ್ಷ ನಾನು ಮಾಡಿದ ಕೆಲಸವನ್ನೆಲ್ಲ ನೆಲದ ಕಡೆಯಿಂದಲೇ ನೋಡಿದ್ದೆ. ಅಂದು ನೀರಿನ ಕಡೆಯಿಂದ ನೋಡಿದೆ. ಬೂದು ಗೋಡೆಯ ಉದ್ದ ಮುಖದಲ್ಲಿ ಅದೊಂದೇ ತೆರೆದ ಜಾಗ. ಮಾದೇವಿ, ಮೌಲಾಸಾಬ್ ಅಲ್ಲಿ ನಿಂತು ಕೈ ಬೀಸುತ್ತಿದ್ದರು, ಸಣ್ಣವರಾಗುತ್ತ ಹೋದರು.

ಮಧ್ಯಾಹ್ನ ಸಮುದ್ರ ತಿರುಗಿದಾಗ ನಾವೂ ತಿರುಗಿದೆವು. ಸಂತೋಷ ಇಂಜಿನ್ನು ಬಂದ್ ಮಾಡಿದ, ನೀರೇ ನಮ್ಮನ್ನು ಸೇತುವೆಗಳ ಕೆಳಗಿನಿಂದ ಊರೊಳಗೆ ತೆಗೆದುಕೊಂಡು ಬಂತು. ಬುಟ್ಟಿಯಲ್ಲಿ ಅಂಥ ಮೀನೇನೂ ಬಹಳ ಇರಲಿಲ್ಲ. ಘಾಟಿನ ಹತ್ತಿರ ಬಂದಾಗ ಹೀರಾಬಾಯಿ ಎದ್ದು ನಿಂತು ಹಿಂದೆ ನೋಡಿದಳು. ನಾನೂ ನೋಡಿದೆ. ಆಚೆ ದಂಡೆಗೆ ಹೋಗಿದ್ದ ದೋಣಿಗಳಲ್ಲಿ ಒಂದು ನಮ್ಮ ಹಿಂದೆಯೇ ಬರುತ್ತಿತ್ತು. ಅದರ ಹಿಂದೆ ಇನ್ನೊಂದು. ಅದರ ಬೆನ್ನಿಗೆ ಮತ್ತೆರಡು. ಒಬ್ಬ ಮುದುಕ ಮೂತಿಯಲ್ಲಿ ನಿಂತು, "ಹೀರೇ, ನಮಗೂ ಜಾಗ ಅದೇನ?" ಎಂದು ಕೂಗಿದ.

"ಇಷ್ಟು ದಿನ ಎಲ್ಲಿ ಹೋಗಿದ್ರಿ ಎಲ್ಲಾರೂ? ಸಾಲಿಗೆ ನಿಲ್ರಿ! ನುಗ್ಗಬ್ಯಾಡ್ರಿ!" ಎಂದು ಇವಳು ಗದರಿದಳು. ಗಂಟಲು ಗದರುತ್ತಿತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ನಮ್ಮ ದೋಣಿ ಕಲ್ಲಿಗೆ ತಾಗಿತು. ಒಂದನ್ನು ಮೇಲೆ ಎಳೆದುಕೊಂಡರೆ ಇನ್ನೊಂದಕ್ಕೆ ಅರ್ಧ ಜಾಗ ಮಾತ್ರ. ಉಳಿದವು ಖಾಡಿಯ ನಡುವೆ ನಿಂತು ಕಾಯುತ್ತಿದ್ದವು. ಹೀರಾಬಾಯಿ ಘಾಟಿನ ಈ ತುದಿಯಿಂದ ಆ ತುದಿಗೆ ನೋಡಿ, ಸೊಂಟದ ಮೇಲೆ ಕೈಯಿಟ್ಟು, ನನ್ನ ಕಡೆ ತಿರುಗಿದಳು.

"ಏ ಶರಣಪ್ಪಾ, ಏನ್ ದಗದ ಮಾಡೀದಿ ಮಾರಾಯಾ ಇದು! ಇಷ್ಟು ಸಣ್ಣ ಆತಲ್ಲ!"

"ಕಲ್ಲು ತರಸ್ರಿ, ಅವ್ವ," ಎಂದೆ.